ಒಂದೇ ಪಂಕ್ತಿಯ ಸಾಕ್ಷ್ಯ

ವಿಶ್ವಾಸವನ್ನು ಹಂಚಿಕೊಳ್ಳುವುದೆಂದರೆ ಬೋಧಿಸುವುದು, ಅದು ಯಾಜಕರ ಹಾಗೂ ಕನ್ಯಾಸ್ತ್ರೀಯರ ಕಾರ್ಯ ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಆದರೆ ಸಂತ ದೇವಸಹಾಯಂ ಯಾಜಕರಾಗಿರಲಿಲ್ಲ. ತಿರುವಾಂಕೂರು ಅರಸರ ಸೇವೆಯಲ್ಲಿದ್ದ ಗೃಹಸ್ಥರು. ಮೇಲ್ಜಾತಿಯಲ್ಲಿ ಹುಟ್ಟಿದ ಅವರು 1745ರಲ್ಲಿ ದೀಕ್ಷಾಸ್ನಾನ ಪಡೆದ ಬಳಿಕ, ಕೆಳಜಾತಿಯವರೆನಿಸಿಕೊಂಡವರೊಡನೆ ಬೆರೆತು ಉಂಡರು. ಅಂದಿನ ಸಮಾಜ ಅದನ್ನು ಸಹಿಸಲಿಲ್ಲ. ಸೆರೆವಾಸ, ಚಿತ್ರಹಿಂಸೆಗಳ ನಂತರ 1752ರಲ್ಲಿ, ಇಂದಿನ ಕನ್ಯಾಕುಮಾರಿ ಜಿಲ್ಲೆಯ ಆರಲ್ವಾಯ್‌ಮೊಳಿಯ ಬಳಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದರು.

ಈಗ ನಮ್ಮ ಅಡುಗೆಮನೆಯತ್ತ ನೋಡೋಣ. ಮನೆಗೆಲಸಕ್ಕೆ ಬರುವ ತಾಯಿಗೆಂದು ಬೇರೆಯೇ ಲೋಟ, ಬೇರೆಯೇ ತಟ್ಟೆ ಇಟ್ಟಿದ್ದೇವೆಯೇ? ಶುಚಿತ್ವಕ್ಕಾಗಿ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅತಿಥಿಗಳು ಕುಡಿದ ಲೋಟವನ್ನು ತೊಳೆದು ನಾವೇ ಬಳಸುವುದಿಲ್ಲವೇ? ಭಾನುವಾರ ಎಲ್ಲರೊಡನೆ ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸಿದ ಕೈ ಸೋಮವಾರ ಆ ಲೋಟವನ್ನು ಮೂಲೆಯಲ್ಲಿಟ್ಟರೆ, ಆಕೆಗೆ ನಾವು ಸಾರುತ್ತಿರುವ ಶುಭಸಂದೇಶವಾದರೂ ಯಾವುದು? ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದನ್ನು ಮರೆಯಬಹುದು. ಅಡುಗೆಮನೆಯಲ್ಲಿ ಕಂಡದ್ದನ್ನು ಮರೆಯರು.

ಆ ಲೋಟವನ್ನು ಇಂದೇ ಉಳಿದ ಲೋಟಗಳ ಜೊತೆಗಿಡೋಣ. ನಮ್ಮ ಸಾಕ್ಷ್ಯ ಅಲ್ಲಿಂದ ಆರಂಭವಾಗಲಿ.