ಅಭ್ಯರ್ಥಿಯನ್ನು ತೂಗುವ ತಕ್ಕಡಿ

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಬಂದಾಗಲೆಲ್ಲ, ಅಲ್ಲಿ ಮತ ಹಾಕುವ ಹಕ್ಕಿಲ್ಲದ ನಾವೂ ಯಾರು ಗೆದ್ದರೆ ಒಳ್ಳೆಯದೆಂದು ಚರ್ಚೆಗಿಳಿಯುತ್ತೇವೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಿನ ತೀರ್ಪಿನ ಫಲವನ್ನು ಬಗ್ದಾದ್, ಕಾಬೂಲ್‌ಗಳ ಜನರೂ ಉಣ್ಣಬೇಕಾಗುತ್ತದೆ. ಈ ಚರ್ಚೆಯಲ್ಲಿ ಮೂರು ಪ್ರಶ್ನೆಗಳು ಸದಾ ಕೇಳಿಬರುತ್ತವೆ. ಅಭ್ಯರ್ಥಿಯ ಉದ್ದೇಶ ಪ್ರಾಮಾಣಿಕವೇ? ಅವರು ಗೆಲ್ಲಬಲ್ಲರೇ? ಗೆದ್ದರೆ ಇತರ ರಾಷ್ಟ್ರಗಳೊಂದಿಗೆ ಹೇಗೆ ನಡೆದುಕೊಳ್ಳುವರು? ಈ ಮೂರರಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕು ಎಂಬುದು ಕೇವಲ ರಾಜಕೀಯ ಲೆಕ್ಕಾಚಾರವಲ್ಲ, ಅದೊಂದು ನೈತಿಕ ಪ್ರಶ್ನೆ.

2000ದ ಚುನಾವಣೆಯನ್ನೇ ನೋಡೋಣ. ವಲಸಿಗರಿಗೆ ತೋರಿಸದ ರಹಸ್ಯ ಸಾಕ್ಷ್ಯದ ಆಧಾರದಲ್ಲಿ ಅವರನ್ನು ಬಂಧನದಲ್ಲಿಡುವ ಪದ್ಧತಿಗೆ ಕ್ಲಿಂಟನ್ 1996ರಲ್ಲಿ ಸಹಿ ಹಾಕಿದ ಕಾನೂನು ಬಲ ತುಂಬಿತ್ತು. ಅರಬರು ಮತ್ತು ಮುಸ್ಲಿಮರು ಇದರಿಂದ ನೊಂದಿದ್ದರು. ಅಕ್ಟೋಬರ್ 11ರಂದು ಆಲ್ ಗೋರ್ ಜೊತೆ ನಡೆದ ಸಂವಾದದಲ್ಲಿ ಜಾರ್ಜ್ ಬುಷ್ ಈ ಅನ್ಯಾಯವನ್ನು ಪ್ರಸ್ತಾಪಿಸಿದರು. ಅಮೆರಿಕ ಜಗತ್ತಿನೆದುರು ವಿನಯದಿಂದಿರಬೇಕು, ಪರರಾಷ್ಟ್ರಗಳನ್ನು ಕಟ್ಟುವ ಕೆಲಸಕ್ಕೆ ಸೇನೆಯನ್ನು ಕಳಿಸಬಾರದು ಎಂದೂ ಅಂದೇ ಹೇಳಿದರು. ಅದೇ ತಿಂಗಳು ಅಲ್ಲಿನ ಪ್ರಮುಖ ಮುಸ್ಲಿಂ ಸಂಘಟನೆಗಳ ಒಕ್ಕೂಟ ಬುಷ್‌ರಿಗೆ ಬೆಂಬಲ ಘೋಷಿಸಿತು. ತಮ್ಮ ಅಭಿಪ್ರಾಯ ಕೇಳಲಿಲ್ಲವೆಂದು ಕರಿಯ ಮುಸ್ಲಿಮರಲ್ಲಿ ಅನೇಕರು ಅಸಮಾಧಾನಗೊಂಡರು. ಕೊನೆಗೆ ಫ್ಲೋರಿಡಾದ ಕೇವಲ 537 ಮತಗಳ ಅಂತರ ಬುಷ್‌ರನ್ನು ಶ್ವೇತಭವನಕ್ಕೆ ಕಳಿಸಿತು.

ಮುಂದಿನದು ಎಲ್ಲರಿಗೂ ತಿಳಿದದ್ದೇ. 2001ರ ಸೆಪ್ಟೆಂಬರ್ 11ರ ದಾಳಿ, ಅಫ್ಘಾನಿಸ್ತಾನದ ಯುದ್ಧ, ಪೇಟ್ರಿಯಾಟ್ ಕಾಯ್ದೆ, 2003ರ ಮಾರ್ಚ್‌ನಲ್ಲಿ ಇರಾಕಿನ ಮೇಲೆ ಆಕ್ರಮಣ. ವಿನಯದ ಮಾತು ಎಲ್ಲಿ ಹೋಯಿತು?

ಬುಷ್‌ರನ್ನು ಬೆಂಬಲಿಸಿದವರನ್ನು ಹಳಿಯುವುದು ಸುಲಭ. ಆದರೆ ಅವರ ಮುಂದೆ ನಿಜವಾದೊಂದು ಅನ್ಯಾಯವಿತ್ತು, ಅದರ ಬಗ್ಗೆ ಮಾತನಾಡಿದ ಅಭ್ಯರ್ಥಿಯನ್ನು ಅವರು ನಂಬಿದರು. ಎಡವಿದ್ದು ಬೇರೆಡೆ. ಬುಷ್‌ರ ವಿದೇಶಾಂಗ ಸಲಹೆಗಾರರಲ್ಲೊಬ್ಬರಾಗಿದ್ದ ಪಾಲ್ ವುಲ್ಫೊವಿಟ್ಜ್, ಸದ್ದಾಂ ಹುಸೇನ್‌ರನ್ನು ಅಧಿಕಾರದಿಂದ ಕೆಳಗಿಳಿಸಬೇಕೆಂದು ಒತ್ತಾಯಿಸಿ 1998ರಲ್ಲೇ ಕ್ಲಿಂಟನ್‌ಗೆ ಬರೆದ ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದರು. ಮುಂದೆ ರಕ್ಷಣಾ ಕಾರ್ಯದರ್ಶಿಯಾದ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರ ಸಹಿಯೂ ಅದರಲ್ಲಿತ್ತು. ಅಭ್ಯರ್ಥಿಯ ಅಂತರಂಗ ಕಾಣದಿದ್ದರೂ ಅವರ ಅಕ್ಕಪಕ್ಕದಲ್ಲಿ ನಿಂತವರು ಕಾಣುತ್ತಿದ್ದರು.

ಗೆಲ್ಲಬಲ್ಲವರನ್ನೇ ಆರಿಸಬೇಕೆಂಬ ವಾದಕ್ಕೂ ತನ್ನದೇ ಬಲವಿದೆ. ಫ್ಲೋರಿಡಾದಲ್ಲಿ ರಾಲ್ಫ್ ನೇಡರ್‌ಗೆ 97 ಸಾವಿರಕ್ಕೂ ಹೆಚ್ಚು ಮತಗಳು ಬಿದ್ದವು. ಅವರು ಗೋರ್ ಅವರನ್ನು ಸೋಲಿಸಿದರೆಂಬ ಆರೋಪ ಇಂದಿಗೂ ನಿಂತಿಲ್ಲ. ಆತ್ಮಸಾಕ್ಷಿಯ ಮತಕ್ಕೂ ಪರಿಣಾಮವಿದೆ ಎಂಬುದನ್ನು ನಾವು ಅಲ್ಲಗಳೆಯಲಾರೆವು. ಆದರೆ 2004ರಲ್ಲಿ ಡೆಮಾಕ್ರಟಿಕ್ ಪಕ್ಷ ಇದೇ ಲೆಕ್ಕದಲ್ಲಿ, ಇರಾಕ್ ಯುದ್ಧವನ್ನು ಆರಂಭದಿಂದಲೇ ವಿರೋಧಿಸಿದ್ದ ಹೋವರ್ಡ್ ಡೀನ್‌ರನ್ನು ಬಿಟ್ಟು, ಯುದ್ಧಾಧಿಕಾರದ ಪರ ಸೆನೆಟ್‌ನಲ್ಲಿ ಮತ ಹಾಕಿದ್ದ ಜಾನ್ ಕೆರಿಯವರನ್ನು ಆರಿಸಿತು. ಕೆರಿ ಸೋತರು. ತತ್ವವನ್ನು ಬಿಟ್ಟು ಗೆಲುವನ್ನು ಬೆನ್ನಟ್ಟಿದವರಿಗೆ ಕೊನೆಗೆ ಎರಡೂ ದಕ್ಕಲಿಲ್ಲ.

2008ರ ಬರಾಕ್ ಒಬಾಮ ಉದ್ದೇಶಶುದ್ಧಿಯ ಭರವಸೆಯಾಗಿ ಬಂದರು. 2002ರ ಅಕ್ಟೋಬರ್‌ನಲ್ಲೇ ಷಿಕಾಗೊದಲ್ಲಿ ಇರಾಕ್ ಯುದ್ಧದ ವಿರುದ್ಧ ಮಾತನಾಡಿದ್ದ ಅವರನ್ನು ಜಗತ್ತು ಶಾಂತಿದೂತನೆಂದು ಕೊಂಡಾಡಿತು. ಆದರೆ ತಾನು ಎಲ್ಲ ಯುದ್ಧಗಳ ವಿರೋಧಿಯಲ್ಲ ಎಂದು ಅವರು ಅದೇ ಭಾಷಣದಲ್ಲಿ ಹೇಳಿದ್ದರು. ಪಾಕಿಸ್ತಾನದೊಳಗೂ ಉಗ್ರರ ಮೇಲೆ ದಾಳಿ ಮಾಡಲು ಸಿದ್ಧವೆಂದು 2007ರ ಆಗಸ್ಟ್‌ನಲ್ಲಿ ಸಾರಿದ್ದರು. 2009ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳಿಸುವುದಾಗಿ ಘೋಷಿಸಿ, ಕೆಲವೇ ದಿನಗಳಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಿದರು. ಡ್ರೋನ್ ದಾಳಿಗಳು ಹೆಚ್ಚಿದವು. ಮುಚ್ಚುವೆನೆಂದಿದ್ದ ಗ್ವಾಂಟನಾಮೊ ಸೆರೆಮನೆ, ಅವರು 2017ರಲ್ಲಿ ಅಧಿಕಾರ ಬಿಡುವಾಗಲೂ ತೆರೆದೇ ಇತ್ತು. ಗ್ವಾಂಟನಾಮೊ ವಿಷಯದಲ್ಲಿ ಸಂಸತ್ತು ಅಡ್ಡಿಯಾಯಿತೆಂಬುದು ನಿಜ. ಆದರೆ ಯುದ್ಧದ ವಿಷಯದಲ್ಲಿ ಅವರು ನಮ್ಮನ್ನು ವಂಚಿಸಿದರೆನ್ನಲಾಗದು. ಅವರ ಮಾತಿನಲ್ಲಿ ನಮಗೆ ಹಿತವಾದ ಅರ್ಧವನ್ನಷ್ಟೇ ನಾವು ಕೇಳಿಸಿಕೊಂಡಿದ್ದೆವು.

ಮನುಷ್ಯನ ಅಂತರಂಗವನ್ನು ಅರಿತವನು ದೇವನೊಬ್ಬನೇ. ಮತದಾರ ತೂಗಬಹುದಾದುದು ಹೊರಗೆ ಕಾಣುವುದನ್ನು ಮಾತ್ರ. ತನಗೆ ನಷ್ಟವಾಗುವಾಗಲೂ ಅಭ್ಯರ್ಥಿ ಸತ್ಯ ನುಡಿದರೇ? ಅವರ ಸಲಹೆಗಾರರು ಯಾರು? ಅಧಿಕಾರ ಕೈಗೆ ಬಂದಾಗ ಅವರನ್ನು ತಡೆಯುವವರು ಯಾರಿದ್ದಾರೆ?

ಮೂರು ಪ್ರಶ್ನೆಗಳಲ್ಲಿ ಕೊನೆಯದಕ್ಕೇ ಹೆಚ್ಚು ತೂಕವೆಂದು ನಾವು ಭಾವಿಸುತ್ತೇವೆ. ತೆರಿಗೆಯೋ ಶಾಲೆಯೋ ಹದಗೆಟ್ಟರೆ ಮತದಾರ ನಾಲ್ಕು ವರ್ಷಗಳ ಬಳಿಕ ಲೆಕ್ಕ ಕೇಳಬಹುದು. ಬಾಂಬ್ ಬಿದ್ದ ಊರಿನ ತಾಯಿಗೆ ಆ ಅವಕಾಶವಿಲ್ಲ, ಅವಳ ಹೆಸರು ಆ ಮತದಾರರ ಪಟ್ಟಿಯಲ್ಲಿಲ್ಲ. ಆದ್ದರಿಂದ ಬಲಿಷ್ಠ ರಾಷ್ಟ್ರದ ಪ್ರಜೆಯ ಕೈಯಲ್ಲಿರುವ ಮತ ಅವನೊಬ್ಬನದಲ್ಲ, ಮತವಿಲ್ಲದವರು ಅವನಲ್ಲಿ ಇಟ್ಟಿರುವ ಅಮಾನತ್ತು. ಅಭ್ಯರ್ಥಿಯ ಉದ್ದೇಶವನ್ನು ಪ್ರಶ್ನಿಸುವ ಮೊದಲು ಅವನು ತನ್ನನ್ನೇ ಕೇಳಿಕೊಳ್ಳಲಿ: ಈ ಮತದಿಂದ ನನಗೆ ಸಿಗುವುದೇನು ಎಂದಷ್ಟೇ ನೋಡುತ್ತಿದ್ದೇನೆಯೇ, ಅದರ ಬೆಲೆ ತೆರುವವರು ಯಾರೆಂದೂ ಯೋಚಿಸಿದ್ದೇನೆಯೇ?