ಹರಕೆಯವಳ ಪರ ನಿಲ್ಲುವುದು

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಜಾತ್ರೆಗೆ ಬಂದ ಹೆಂಗಸರು ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡದ ಗುಡಿಯವರೆಗೆ ನಡೆದು ಹರಕೆ ತೀರಿಸುತ್ತಿದ್ದರು; ಇದೇ ಬೆತ್ತಲೆ ಸೇವೆ. ದಾರಿಯುದ್ದಕ್ಕೂ ನೋಡುವ ಗಂಡಸರ ಗುಂಪು, ಕ್ಯಾಮೆರಾಗಳು. ಇದನ್ನು ನಿಲ್ಲಿಸಲು ದಲಿತ ಸಂಘರ್ಷ ಸಮಿತಿ ಮುಂದಾದಾಗ ಶಿವಮೊಗ್ಗ, ಭದ್ರಾವತಿಗಳ ಓದುಬಲ್ಲವರ ಮುಂದೆ ಇದ್ದದ್ದು ಸುಲಭದ ಪ್ರಶ್ನೆಯಲ್ಲ: ಇನ್ನೊಬ್ಬರ ಭಕ್ತಿಯನ್ನು ತಡೆಯುವ ಚಳವಳಿಗೆ ಸೇರುವ ಹಕ್ಕು ನಮಗೆಲ್ಲಿಂದ ಬಂತು? ಸಾಹಿತಿ ಯು.ಆರ್. ಅನಂತಮೂರ್ತಿ ಈ ಅಳುಕನ್ನೇ ಹಿಡಿದು ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂದು ಕೇಳಿದರು. ವಿಚಾರವಂತನ ಕಣ್ಣಿಗೆ ಮೌಢ್ಯವಾಗಿ ಕಂಡದ್ದೆಲ್ಲ ಮೌಢ್ಯವೇ ಆಗಬೇಕಿಲ್ಲ ಎಂಬ ಎಚ್ಚರ ಬೇಕೇ ಬೇಕು. ಆದರೆ ಆಚರಣೆ ನಮಗೆ ಹಿಡಿಸುತ್ತದೆಯೇ ಇಲ್ಲವೇ ಎಂಬುದು ಇಲ್ಲಿ ಅಳತೆಗೋಲಲ್ಲ. ಹರಕೆಯವಳು ‘ಒಲ್ಲೆ’ ಎಂದರೆ ಅವಳಿಗೆ ಏನಾಗುತ್ತದೆ ಎಂಬುದು ಅಳತೆಗೋಲು. ಮಗುವಿನ ಕಾಯಿಲೆಗೆ ದೇವಿಯ ಮುನಿಸೇ ಕಾರಣ ಎಂದು ಮನೆಯವರೂ ಊರವರೂ ನಂಬಿರುವಾಗ ಒಲ್ಲೆನೆಂದವಳ ತಲೆಗೇ ಮುಂದಿನ ಸಾವು ನೋವೆಲ್ಲ ಬರುತ್ತದೆ. ಇಂಥ ಕಡೆ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೊರಗಿನವರ ದರ್ಪ ಎಂಬ ಆಕ್ಷೇಪವೂ ಇತ್ತು. ಆದರೆ ಬೆತ್ತಲೆ ಸೇವೆಗೆ ಬರುತ್ತಿದ್ದವರಲ್ಲಿ ದಲಿತ, ಹಿಂದುಳಿದ ಜಾತಿಗಳ ಬಡ ಹೆಂಗಸರೇ ಹೆಚ್ಚು. 1970ರ ದಶಕದಲ್ಲಿ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು, ಸ್ವತಃ ದಲಿತರು. ತಮ್ಮ ಕೇರಿಯ ಅಕ್ಕತಂಗಿಯರ ಮಾನದ ಬಗ್ಗೆ ಮಾತಾಡಿದವರನ್ನು ಹೊರಗಿನವರೆನ್ನುವುದು ಹೇಗೆ? ಇದಕ್ಕಿಂತ ಬಲವಾದ ಆಕ್ಷೇಪ ಸಮಿತಿ ಮುಂದಾದ ಆ ಮಾರ್ಚಿನ ಜಾತ್ರೆಯಲ್ಲಿ ನಡೆದದ್ದರಿಂದ ಹುಟ್ಟುತ್ತದೆ. ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಜನ ತಿರುಗಿಬಿದ್ದರು. ಹೊಡೆದರು, ಬಟ್ಟೆ ಕಿತ್ತರು, ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಯಾರ ಪರವಾಗಿ ಹೋದರೋ ಆ ಭಕ್ತರ ಗುಂಪೇ ಎದುರು ನಿಂತ ಮೇಲೆ ಆ ಚಳವಳಿಗೆ ಏನು ಅರ್ಥ ಎಂದು ಕೇಳುವುದು ನ್ಯಾಯವೇ. ನನ್ನ ಉತ್ತರ ಇಷ್ಟು: ಮಿಂದು ಹೊರಟವಳನ್ನು ಹೊಳೆದಂಡೆಯಲ್ಲಿ ಅಡ್ಡಗಟ್ಟಿದರೆ ಹರಕೆ ಅರ್ಧಕ್ಕೆ ನಿಂತ ಭಯ ಅವಳ ಪಾಲಿಗೇ ಉಳಿಯುತ್ತದೆ, ಹಾಗಾಗಿ ಜಾತ್ರೆಯ ದಿನ ತಡೆಯುವುದು ಸರಿಯಾದ ದಾರಿಯಲ್ಲ. ದಾರಿ ತಪ್ಪಿದ್ದಕ್ಕೆ ಗುರಿಯನ್ನೇ ಕೈಬಿಡುವವನು ಮಾತ್ರ ಅವಳನ್ನು ಮತ್ತೆ ಆ ಕ್ಯಾಮೆರಾಗಳ ಮುಂದೆಯೇ ಬಿಟ್ಟುಬಂದಂತೆ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆದರೆ ಹರಕೆ ಹುಟ್ಟುವುದು ಗುಡ್ಡದ ಮೇಲಲ್ಲ, ವೈದ್ಯರು ಸಿಗದ ಊರಿನ ಕಾಯಿಲೆಯ ಮನೆಯಲ್ಲಿ. ಆ ಮನೆಗೆ ಜಾತ್ರೆಗೆ ಎಷ್ಟೋ ತಿಂಗಳು ಮೊದಲೇ ಹೋಗಿ ಕೂರುವವರು ಬೇಕಿತ್ತು, ಈಗಲೂ ಬೇಕು.