ಹಾಲು ಬಿಡದ ಮರಿ

ಮನೆಯ ಅಟ್ಟದಲ್ಲಿಯೋ ಹಿತ್ತಿಲಿನ ಸೌದೆಯ ಕೊಟ್ಟಿಗೆಯಲ್ಲಿಯೋ ಬೆಕ್ಕು ಮರಿಹಾಕುವುದು ನಮಗಾರಿಗೂ ಹೊಸ ಸಂಗತಿಯಲ್ಲ. ಮಡಿಯ ಅಡಿಗೆಮನೆಗೆ ಅದು ನುಗ್ಗದಂತೆ ಕಾಯುವ ಗೃಹಿಣಿಯೇ ಬಾಣಂತಿ ಬೆಕ್ಕಿಗೆಂದು ಒಂದಿಷ್ಟು ಹಾಲನ್ನವನ್ನು ಹೊರಗಿಡುವುದೂ ಉಂಟು. ಬೆಕ್ಕನ್ನು ಹೀಗೆ ಹತ್ತಿರದಿಂದ ಬಲ್ಲವರು ಒಂದು ನೋಟವನ್ನು ಕಂಡೇ ಇರುತ್ತಾರೆ. ತಾಯಿಯಷ್ಟೇ ಉದ್ದಕ್ಕೆ ಬೆಳೆದು, ತಾನೇ ಇಲಿ ಹಿಡಿಯಬಲ್ಲ ಮರಿಯೊಂದು ಇನ್ನೂ ತಾಯಿಯ ಹೊಟ್ಟೆಗೆ ಮುಖವಿಟ್ಟು, ಕಣ್ಣುಮುಚ್ಚಿ ಹಾಲು ಹೀರುತ್ತಿರುತ್ತದೆ. ನೋಡಿದವರು ನಕ್ಕು ಮುಂದೆ ಸಾಗುತ್ತಾರೆ. ಆದರೆ ಆಸ್ತಿಕರಾದ ನಮಗೆ ಅಲ್ಲೊಂದು ಗಂಭೀರವಾದ ಪ್ರಶ್ನೆಯಿದೆ. ಜೀವನು ಸದಾ ಪರತಂತ್ರನೆಂಬುದು ನಮ್ಮ ಸಿದ್ಧಾಂತ. ಹಾಗಿದ್ದ ಮೇಲೆ ಆಶ್ರಯವನ್ನು ಬಿಡದಿರುವುದು ದೋಷವಾಗುವುದೆಂತು?

ಉತ್ತರಕ್ಕೆ ಮೊದಲು ತಾಯಿ ಬೆಕ್ಕಿನ ನಡತೆಯನ್ನೇ ಪರಿಶೀಲಿಸೋಣ. ಮರಿಯು ಕಣ್ಣುಮುಚ್ಚಿಕೊಂಡೇ ಹುಟ್ಟುತ್ತದೆ; ಕಣ್ಣು ತೆರೆಯಲು ಒಂದರಿಂದ ಎರಡು ವಾರಗಳು ಬೇಕು. ಮೂರನೆಯ ವಾರದ ವೇಳೆಗೆ ಹಾಲುಹಲ್ಲುಗಳು ಮೂಡುತ್ತವೆ. ಸುಮಾರು 4ನೆಯ ವಾರದಿಂದ ತಾಯಿಯು ಹಾಲು ಬಿಡಿಸತೊಡಗಿ, ಸಾಮಾನ್ಯವಾಗಿ 8ನೆಯ ವಾರದ ಹೊತ್ತಿಗೆ ಆ ಕಾರ್ಯ ಬಹುಮಟ್ಟಿಗೆ ಮುಗಿಯುತ್ತದೆ. ಅದು ಮರಿಯನ್ನು ಒಮ್ಮೆಗೇ ಹೊಡೆದಟ್ಟುವುದಿಲ್ಲ. ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗುತ್ತದೆ. ಮರಿ ಹತ್ತಲಾರದ ಎತ್ತರಕ್ಕೆ ಹೋಗಿ ಕೂರುತ್ತದೆ. ಅದೇ ದಿನಗಳಲ್ಲಿ ಬೇಟೆಯನ್ನು ತಂದು ಮರಿಯ ಮುಂದಿಡುತ್ತದೆ. ಮೊದಲು ಸತ್ತುದನ್ನು, ಬಳಿಕ ಇನ್ನೂ ಜೀವವಿರುವುದನ್ನು. ಹಾಲನ್ನು ಹಿಂತೆಗೆಯುವ ತಾಯಿಯೇ ವಿದ್ಯೆಯನ್ನು ಕೊಡುತ್ತಿದೆ. ಮರಿಗೆ ಕಾಣುವುದು ನಿರಾಕರಣೆ ಮಾತ್ರ. ಆದರೆ ಕೊಡುವ ಕೈ ನಿಂತಿಲ್ಲ, ಕೊಡುವ ವಸ್ತು ಬದಲಾಗಿದೆ.

ಹಾಗೆಂದು, ತಡವಾಗಿ ಹಾಲು ಬಿಡುವ ಮರಿಗಳೆಲ್ಲವೂ ದೂಷಣೆಗೆ ಅರ್ಹವೆಂದು ತೀರ್ಮಾನಿಸಲಾಗದು. ಒಂದೇ ಮರಿ ಉಳಿದಿದ್ದರೆ, ತಾಯಿ ಮತ್ತೆ ಗರ್ಭ ಧರಿಸದಿದ್ದರೆ, ಸ್ತನ್ಯಪಾನವು ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುವುದುಂಟು. ಆಗ ಮರಿ ಅರಸುವುದು ಆಹಾರಕ್ಕಿಂತ ಹೆಚ್ಚಾಗಿ ನೆಮ್ಮದಿಯನ್ನು. ಬಲವಂತದಿಂದ ಬೇಗನೆ ಅಗಲಿಸುವುದರಲ್ಲಿಯೂ ಹಾನಿಯಿದೆ. ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ವಾಂಸರು ಸುಮಾರು 5,700 ಬೆಕ್ಕುಗಳ ವಿಷಯವನ್ನು ಸಂಗ್ರಹಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ವಾರಕ್ಕೆ ಮೊದಲೇ ತಾಯಿಯಿಂದ ಬೇರ್ಪಟ್ಟವುಗಳಲ್ಲಿ ಆಕ್ರಮಣ ಪ್ರವೃತ್ತಿ ಹೆಚ್ಚೆಂದೂ, 14 ವಾರ ಕಳೆದ ಮೇಲೆ ಬೇರ್ಪಟ್ಟವುಗಳು ಹೆಚ್ಚು ಶಾಂತವೆಂದೂ ಕಂಡುಬಂದಿತು. ಆದುದರಿಂದ ‘ಬೆಳೆದಿದ್ದಾನೆ, ಇನ್ನು ನೂಕಿಬಿಡಿ’ ಎಂಬ ಕಠಿಣವಾದ ಮಾತಿಗೆ ಪ್ರಕೃತಿಯ ಸಮ್ಮತಿಯಿಲ್ಲ. ಕಾಲವನ್ನು ನಿರ್ಣಯಿಸುವುದು ಪಂಚಾಂಗವಲ್ಲ, ಪಕ್ವತೆ.

ಹಾಗಾದರೆ ದೋಷವೆಲ್ಲಿ? ತಾಯಿ ಎರಡನೆಯ ಸಲ ಮರಿಹಾಕಿದಾಗ ಅದು ಸ್ಪಷ್ಟವಾಗುತ್ತದೆ. ಹೊಸ ಮರಿಗಳು ರೋಗವನ್ನೆದುರಿಸುವ ಶಕ್ತಿಯನ್ನು ಪಡೆಯುವುದು ಮುಖ್ಯವಾಗಿ ತಾಯಿಯ ಮೊದಲ ಹಾಲಿನಿಂದ. ಅದನ್ನು ಅವುಗಳ ಶರೀರ ಹೀರಿಕೊಳ್ಳಬಲ್ಲುದು ಹುಟ್ಟಿದ ಮೊದಲ ದಿನದೊಳಗೆ ಮಾತ್ರ. ಅಂತಹ ಹೊತ್ತಿನಲ್ಲಿ ದೊಡ್ಡ ಮರಿಯು ನಡುವೆ ನುಗ್ಗಿ ಮಲಗಿದರೆ, ತನಗೆ ಬೇಡವಾದುದನ್ನು ಕುಡಿದು, ಬೇಕಾದವುಗಳ ಪಾಲನ್ನು ಕಳೆದಂತಾಗುತ್ತದೆ. ಬೆಳೆದ ಬೆಕ್ಕಿನ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುವುದರಿಂದ, ಒಮ್ಮೆ ಅಮೃತವಾಗಿದ್ದುದು ಅದಕ್ಕೇ ಅಜೀರ್ಣಕರವಾಗುವುದೂ ಉಂಟು. ಪ್ರಾಣಿಗೆ ವಿಧಿನಿಷೇಧಗಳಿಲ್ಲವಾದ್ದರಿಂದ ಪಾಪವಿಲ್ಲ. ವಿವೇಕವುಳ್ಳ ಮನುಷ್ಯನಿಗೆ ಆ ಮಾತು ಸಲ್ಲದು.

ಇದನ್ನು ನಮ್ಮ ಕುಟುಂಬಗಳಿಗೆ ಅನ್ವಯಿಸಿ ನೋಡಬೇಕು. ವಿದ್ಯೆ, ಉದ್ಯೋಗ, ಆರೋಗ್ಯ ಎಲ್ಲವೂ ಇದ್ದು, ತನ್ನ ಸಂಧ್ಯಾವಂದನೆಯ ಪಾತ್ರೆಯನ್ನೂ ವೃದ್ಧೆಯಾದ ತಾಯಿಯೇ ತೊಳೆದಿಡಬೇಕೆನ್ನುವ ಮಗನುಂಟು. ಒಬ್ಬನ ಸಾಲವನ್ನು ಮತ್ತೆ ಮತ್ತೆ ತೀರಿಸುತ್ತ, ಇನ್ನೊಬ್ಬನ ವಿದ್ಯಾಭ್ಯಾಸಕ್ಕೆ ಹಣವಿಲ್ಲವೆನ್ನುವ ತಂದೆಯುಂಟು. ಇಂತಹ ಕಡೆಗಳಲ್ಲಿ ಮೂರು ವಿಚಾರಗಳನ್ನು ಮಾಡಬೇಕು. ಪಡೆಯುವವನಿಗೆ ಇದರಿಂದ ಶಕ್ತಿ ಬೆಳೆಯುತ್ತಿದೆಯೇ, ಕುಂದುತ್ತಿದೆಯೇ? ಈ ಕೊಡುಗೆಯಲ್ಲಿ ಇನ್ನಾರದಾದರೂ ಪಾಲು ಸೇರಿದೆಯೇ? ಕೊಡುವವರು ಅವನ ಹಿತಕ್ಕಾಗಿ ಕೊಡುತ್ತಿದ್ದಾರೆಯೇ, ಅಥವಾ ತಾವು ಬೇಡವಾಗಿಬಿಟ್ಟೇವೆಂಬ ಭಯದಿಂದಲೇ? ಮೂರನೆಯ ಪ್ರಶ್ನೆಯೇ ಬಹು ಕಠಿಣ. ಬಿಡದಿರುವವನು ಎಷ್ಟೋ ವೇಳೆ ಮಗನಲ್ಲ, ಬಿಡಲಾರದವರು ಹಿರಿಯರು. ರೋಗಿಯೋ ದುರ್ಬಲನೋ ಆದವನ ವಿಷಯ ಬೇರೆ. ಅವನನ್ನು ಕಡೆಯವರೆಗೂ ಪೋಷಿಸುವುದು ಧರ್ಮವೇ ಸರಿ.

ಹಿಡಿದ ಕೈಯನ್ನು ಬಿಡುವುದೂ ವಾತ್ಸಲ್ಯವೇ ಎಂಬುದಕ್ಕೆ ಶ್ರೀಮದ್ಭಾಗವತದ ಚತುರ್ಥಸ್ಕಂಧದ ಸುನೀತಿಗಿಂತ ಬೇರೆ ನಿದರ್ಶನ ಬೇಕೆ? ಮಲತಾಯಿಯ ಮಾತಿನಿಂದ ನೊಂದು, ತಂದೆಯ ತೊಡೆಯಿಂದ ವಂಚಿತನಾಗಿ ಅಳುತ್ತ ಬಂದ ಐದು ವರ್ಷದ ಧ್ರುವನಿಗೆ ಆಕೆ ತನ್ನ ಮಡಿಲೇ ಸಾಕೆಂದು ಹೇಳಲಿಲ್ಲ. ತನ್ನಿಂದ ನೀಗದ ದುಃಖವನ್ನು ನೀಗಬಲ್ಲವನು ಶ್ರೀಹರಿಯೊಬ್ಬನೇ ಎಂದು ತಿಳಿಸಿ, ಅವನನ್ನೇ ಆಶ್ರಯಿಸೆಂದಳು. ನಮ್ಮ ಶ್ರೀಮದಾಚಾರ್ಯರ ಮಾತೃದೇವಿಯ ವೃತ್ತಾಂತವೂ ಹೀಗೆಯೇ ಇದೆ. ಸನ್ಯಾಸಕ್ಕೆ ಹೊರಟ ಮಗನನ್ನು ತಡೆದ ತಾಯಿ, ಒಪ್ಪದಿದ್ದರೆ ಇನ್ನೆಂದೂ ಅವನ ದರ್ಶನವೇ ಆಗದೆಂದು ತಿಳಿದು ಅನುಮತಿಯಿತ್ತ ಪ್ರಸಂಗವನ್ನು ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಪಾಜಕದ ಆ ತಾಯಿ ಮಗನನ್ನು ಕಳೆದುಕೊಳ್ಳಲಿಲ್ಲ. ಜಗತ್ತಿಗೆ ಗುರುವನ್ನು ಕೊಟ್ಟಳು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಶ್ರೀವೈಷ್ಣವ ಸಂಪ್ರದಾಯದ ಹಿರಿಯರು ಶರಣಾಗತಿಯನ್ನು ವಿವರಿಸುವಲ್ಲಿ ಮರ್ಕಟಕಿಶೋರ, ಮಾರ್ಜಾಲಕಿಶೋರ ಎಂಬ ಎರಡು ನ್ಯಾಯಗಳನ್ನು ಹೇಳುತ್ತಾರೆ. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ದೃಷ್ಟಾಂತವು ಸಲ್ಲುವುದು ಹೇಳಹೊರಟ ಅಂಶದಲ್ಲಿ ಮಾತ್ರ. ಬೆಕ್ಕು ಮರಿಯನ್ನು ಕಚ್ಚಿಕೊಂಡು ಒಯ್ಯುವುದು ಮೊದಲ ಕೆಲವು ವಾರಗಳಷ್ಟೇ. ನಂತರ ಅದೇ ತಾಯಿಯೇ ಮರಿಯನ್ನು ನಡೆಯಗೊಡುತ್ತದೆ. ‘ಎಲ್ಲವೂ ಹರಿಯ ಇಚ್ಛೆ, ನನ್ನಿಂದೇನಾದೀತು?’ ಎಂದು ಕೈಕಟ್ಟಿ ಕುಳಿತವನು ತನ್ನ ಆಲಸ್ಯಕ್ಕೆ ಶರಣಾಗತಿಯೆಂಬ ಹೆಸರಿಟ್ಟಿದ್ದಾನೆ. ಬ್ರಹ್ಮಸೂತ್ರಗಳ ದ್ವಿತೀಯಾಧ್ಯಾಯದ ತೃತೀಯಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೆಂದೂ, ಅದು ಪರಮಾತ್ಮನಿಗೆ ಅಧೀನವಾದುದೆಂದೂ ನಿರ್ಣಯವಾಗಿದೆ. ಅಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಆಚಾರ್ಯರು ಹೀಗೆ ಬಿಡಿಸುತ್ತಾರೆ: ಬಡಗಿಯು ಮಾಡಿಸುವವನ ಅಧೀನನಾಗಿದ್ದೇ ಮಾಡುವವನೂ ಆಗಿದ್ದಾನೆ. ಶಾಸ್ತ್ರದ ವಿಧಿನಿಷೇಧಗಳಿಗೆ ಅರ್ಥವಿರುವುದು ಇದರಿಂದಲೇ.

ಆದುದರಿಂದ ಹಾಲು ಬಿಡದ ಮರಿಯು ಬೇಟೆಯಾಡುವ ಮರಿಗಿಂತ ಹೆಚ್ಚು ಆಶ್ರಿತವೇನೂ ಅಲ್ಲ. ಎರಡೂ ಬದುಕುವುದು ತಾಯಿ ಕೊಟ್ಟುದರಿಂದಲೇ. ಒಂದು ಹೊಸ ಕೊಡುಗೆಯನ್ನು ಸ್ವೀಕರಿಸಿದೆ, ಇನ್ನೊಂದು ಹಳೆಯದನ್ನೇ ಹಿಡಿದಿದೆ. ದೋಷವು ಆಶ್ರಯದಲ್ಲಿಲ್ಲ, ಸ್ವಾಮಿಯಿತ್ತ ಶಕ್ತಿಯನ್ನು ಬಳಸದಿರುವ ಅನಾದರದಲ್ಲಿದೆ. ಇನ್ನೊಂದು ಎಚ್ಚರವೂ ಬೇಕು. ಬೆಕ್ಕಿನ ಮರಿಯಾದರೋ ಒಂದು ದಿನ ತಾಯಿಯನ್ನು ಪೂರ್ಣವಾಗಿ ಅಗಲಿ ಹೋಗುತ್ತದೆ. ಜೀವನಿಗೆ ಅಂತಹ ದಿನವಿಲ್ಲ. ಮುಕ್ತಿಯಲ್ಲಿಯೂ ಅವನು ಹರಿಗೆ ಅಧೀನನಾಗಿದ್ದೇ ತನ್ನ ಯೋಗ್ಯತೆಗೆ ತಕ್ಕ ಆನಂದವನ್ನು ಅನುಭವಿಸುತ್ತಾನೆ. ಬೇಟೆ ಕಲಿತವನು ‘ನಾನೇ ಸ್ವತಂತ್ರ’ ಎಂದರೆ ಅದು ಹಾಲು ಬಿಡದಿರುವುದಕ್ಕಿಂತಲೂ ದೊಡ್ಡ ಅಜ್ಞಾನ.

ಪರ್ವದಿನಗಳಲ್ಲಿ ಬಂದು ಪ್ರವಚನ ಕೇಳಿ, ತೀರ್ಥಪ್ರಸಾದ ಸ್ವೀಕರಿಸಿ ಮರಳುವುದು ಎಲ್ಲರಿಗೂ ಶ್ರೇಯಸ್ಕರವೇ. ಆದರೆ ಎಷ್ಟೋ ವರ್ಷ ಕೇಳಿಯೂ ಮನೆಯಲ್ಲಿ ಒಂದು ಗ್ರಂಥವನ್ನು ತೆರೆಯದೆ, ಕೇಳಿದುದನ್ನು ಮನನ ಮಾಡದೆ, ಮಕ್ಕಳಿಗೆ ಒಂದು ಮಾತು ತಿಳಿಸದೆ ಇದ್ದೇವಾದರೆ, ನಾವೂ ಬೆಳೆದ ಮೇಲೆ ಹಾಲು ಹೀರುವ ಮರಿಗಳೇ. ವಿದ್ವಾಂಸರ ಕಾಲ ಮಿತವಾದುದು. ಹೊಸದಾಗಿ ಕಣ್ಣು ತೆರೆಯುವವರ ಪಾಲೂ ಅದರಲ್ಲಿದೆ. ಶ್ರವಣದಿಂದ ಮನನಕ್ಕೆ, ಮನನದಿಂದ ನಿದಿಧ್ಯಾಸನಕ್ಕೆ ನಡೆಯಿಸುವವನೂ ಅವನೇ. ನಡೆಯುವ ಕಾಲುಗಳನ್ನು ಅವನು ಕೊಟ್ಟಿದ್ದಾನೆ. ನಡೆದು ಅವನಿಗೆ ಅರ್ಪಿಸೋಣ.

ಶ್ರೀಕೃಷ್ಣಾರ್ಪಣಮಸ್ತು.